ಹದಿನಾಲ್ಕು ತಲೆಗಳು

ಹನ್ನೊಂದನೆಯ ಹುಳುವೂ ಕೆಂಪೇ. ಬಿಳಿ ಟ್ರೇಯ ತಳದಲ್ಲಿ ದಾರದ ತುಂಡಿನಂತೆ ಸುಮ್ಮನೆ ಬಿದ್ದಿದ್ದು, ಇದ್ದಕ್ಕಿದ್ದಂತೆ ಕೊಕ್ಕೆಯಾಗಿ ಮಡಚಿಕೊಂಡು ಹೊರಳಿತು. ಅವಳು ಪುಸ್ತಕದಲ್ಲಿ ಇನ್ನೊಂದು ಗೀಟು ಎಳೆದಳು.

“ಆಂಟಿ, ಇನ್ನೂ ಹುಡುಕ್ತಾನೇ ಇದ್ದೀರಾ?” ದಡದ ಕಲ್ಲಿನ ಮೇಲೆ ಕೂತಿದ್ದ ಗುಬ್ಬಿ ಕೇಳಿದಳು. “ನಂದು ಬರ್ದಾಯ್ತು.”

“ಏನು ಬರೆದೆ?”

“ಅದೇ. ಮೂರುಬಾಲ ಹದಿನಾಲ್ಕು.”

“ಎಲ್ಲಿ ಕಂಡ್ವು?”

“ನಮ್ಮಕ್ಕನ ಹಳೇ ರೆಕಾರ್ಡಲ್ಲಿ.”

ಗುಬ್ಬಿಗೆ ಇಪ್ಪತ್ತು. ಅವಳಿಗೆ ಮೂವತ್ತೊಂಬತ್ತು. ಪರಿಸರ ವಿಜ್ಞಾನದ ಪದವಿಗೆ ಸೇರಿದ ಮೊದಲ ವಾರವೇ ತರಗತಿಯೆಲ್ಲ ಸೇರಿ ಅವಳನ್ನು ಆಂಟಿ ಮಾಡಿತ್ತು. ಮೂರನೆಯ ವರ್ಷದ ಯೋಜನೆಗೆ ಇಬ್ಬಿಬ್ಬರ ಜೋಡಿ ಹಾಕುವಾಗ ಕೊನೆಗೆ ಉಳಿದವರು ಇವರಿಬ್ಬರು. ಒಬ್ಬಳು ಯಾರಿಗೂ ಬೇಡದವಳು, ಇನ್ನೊಬ್ಬಳು ಆ ದಿನ ತಡವಾಗಿ ಬಂದವಳು.

ಮೂರುಬಾಲ ಎಂದರೆ ನೀರಿನ ಕಲ್ಲುಗಳಡಿ ಬದುಕುವ, ಉಗುರಿಗಿಂತ ಚಿಕ್ಕ ಹುಳು. ನೀರು ಕೆಟ್ಟರೆ ಮೊದಲು ಸಾಯುವುದು ಅದು. ಕೊನೆಗೆ ಉಳಿಯುವುದು ಈ ಕೆಂಪು. ಯಾವುದು ಎಷ್ಟಿದೆ ಎಂದು ಎಣಿಸಿದರೆ ನೀರಿನ ಆರೋಗ್ಯ ತಿಳಿಯುತ್ತದೆ. ಮೂರು ವರ್ಷದ ಓದಿನಲ್ಲಿ ಅವಳು ಪೂರಾ ನಂಬಿದ ಪಾಠ ಇದೊಂದೇ.

ಕಾಲೇಜಿನ ಹಿಂಗೋಡೆಗೆ ತಾಗಿ ಹರಿಯುವ ಇದಕ್ಕೆ ರೆಕಾರ್ಡಿನಲ್ಲಿ ತೊರೆ ಎಂದು ಹೆಸರು. ಜನರ ಬಾಯಲ್ಲಿ ಮೋರಿ. ಮೇಲುಗಡೆ ಸೋಪಿನ ನೊರೆ ಗಟ್ಟಿಯಾಗಿ ನಿಂತಿತ್ತು. ಅದರ ನಡುವೆ ಯಾರದೋ ಮಗುವಿನ ಡಯಾಪರ್ ಒಂದು ನೀರು ಕುಡಿದು ತಲೆದಿಂಬಿನಷ್ಟು ಊದಿಕೊಂಡು, ಅವಸರವಿಲ್ಲದೆ ತೇಲುತ್ತಿತ್ತು.

“ಇಬ್ಬರದೂ ಒಂದೇ ಇರ್ಬೇಕು ಆಂಟಿ,” ಗುಬ್ಬಿ ಎದ್ದು ಬಟ್ಟೆ ಝಾಡಿಸಿದಳು. “ನಿಮ್ಮ ಸತ್ಯದಿಂದ ನನ್ನ ವರ್ಷ ಕೆಡಿಸ್ಬೇಡಿ.”

ನಾಲ್ಕು ಗಂಟೆಯೊಳಗೆ ವಿಭಾಗದ ಮೇಡಂ ವರದಿಗೆ ಸಹಿ ಹಾಕಬೇಕು. ಹಾಕದಿದ್ದರೆ ಪರೀಕ್ಷೆ ಇಲ್ಲ. ಇನ್ನೊಂದು ವರ್ಷ ಎಂದು ಮನೆಯಲ್ಲಿ ಬಾಯಿ ಬಿಡುವಂತಿರಲಿಲ್ಲ. ಇದೇ ಕೊನೆ ಎಂದು ಗಂಡ ಹೇಳಿಯಾಗಿತ್ತು. ಸಿಟ್ಟಿನಿಂದಲ್ಲ, ಬಡಿಸುವವರಿಗೆ ಸಾಕು ಎನ್ನುತ್ತಾರಲ್ಲ, ಹಾಗೆ. ನಾದಿನಿಗಂತೂ ಮೊದಲ ದಿನದಿಂದ ನಗು. “ಮೋರಿ ಓದೋಕೆ ಕಾಲೇಜು ಯಾಕೆ ಅತ್ತಿಗೆ? ನಮ್ಮನೇದು ಕಟ್ಕೊಂಡಿದೆ, ಬಂದು ಓದಿ.”

ಯಾಕೆ ಸೇರಿದೆ ಎಂದು ಅವಳು ಯಾರಿಗೂ ಹೇಳಿರಲಿಲ್ಲ. ಮದುವೆಯಾದ ಹದಿನೆಂಟು ವರ್ಷವೂ, ಹೇಗಿದ್ದೀಯ ಎಂದವರಿಗೆಲ್ಲ ಚೆನ್ನಾಗಿದ್ದೀನಿ ಎಂದಿದ್ದಳು. ಮುಚ್ಚಳ ತೆಗೆದು ನೋಡಿದವರಿಲ್ಲ. ಕಂಡದ್ದನ್ನು ಕಂಡಷ್ಟೇ ಬರೆಯಬೇಕಾದ ಒಂದು ಜಾಗ ಎಲ್ಲಾದರೂ ಇರಬಹುದು ಎನಿಸಿತ್ತು. ಹೇಳಿದ್ದರೆ ನಾದಿನಿಗೆ ಇನ್ನೊಂದು ವರ್ಷಕ್ಕಾಗುವಷ್ಟು ನಗು ಸಿಗುತ್ತಿತ್ತು.

ಪ್ರಯೋಗಶಾಲೆಯಲ್ಲಿ ಮೇಡಂ ಊಟ ಮುಗಿಸಿ ಡಬ್ಬಿ ಮುಚ್ಚುತ್ತಿದ್ದರು. ಅವಳಿಗಿಂತ ಐದು ವರ್ಷ ಚಿಕ್ಕವರು. ವರದಿಯ ಎರಡನೆಯ ಹಾಳೆಯಲ್ಲಿ ಅವರ ಬೆರಳು ನಿಂತಿತು.

“ಸೊನ್ನೆ?”

“ಸಿಗಲಿಲ್ಲ ಮೇಡಂ. ನಾಲ್ಕು ಕಡೆ ನೋಡಿದೆ.”

“ಹುಡುಕೋಕೆ ಗೊತ್ತಾಗಿಲ್ಲ.”

“ಕೆಂಪು ಸಿಕ್ತು. ಮೂವತ್ತೇಳು. ತಂದಿದ್ದೀನಿ.” ಸೀಸೆಯನ್ನು ಮೇಜಿನ ಮೇಲಿಟ್ಟಳು.

ಮೇಡಂ ಊಟದ ಡಬ್ಬಿಯನ್ನು ನಾಲ್ಕು ಬೆರಳಿನಷ್ಟು ಆಚೆ ಸರಿಸಿದರು. “ಹನ್ನೆರಡು ವರ್ಷದಿಂದ ಹದಿನಾಲ್ಕು ಬರ್ತಿದೆ. ನಿಮ್ಮೊಬ್ಬರಿಗೋಸ್ಕರ ಒಂದೇ ವಾರದಲ್ಲಿ ಸತ್ತು ಹೋಯ್ತಾ?”

“ಒಂದೇ ವಾರದಲ್ಲಿ ಸತ್ತಿರಲಿಕ್ಕಿಲ್ಲ.”

ಮೇಡಂ ತಲೆಯೆತ್ತಿ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಮಲಗುವ ಹೊತ್ತಿಗೆ ಬಂದ ನೆಂಟರನ್ನು ನೋಡುವ ದಣಿವಿತ್ತು.

“ನೋಡಿ, ಸುಳ್ಳು ಬರೀರಿ ಅಂತ ನಾನು ಯಾರಿಗೂ ಹೇಳಲ್ಲ,” ಎಂದು ಅಟೆಂಡರ್ ಕಡೆ ತಿರುಗಿದರು. “ಆ ಬಾಟಲಿ ಕೊಡಿ ಇವರಿಗೆ. ಎಣಿಸ್ಲಿ. ಕಂಡಷ್ಟೇ ಬರೀಲಿ.”

ಅಟೆಂಡರ್ ಬೀರುವಿನ ಮೇಲಿನ ಹಲಗೆಯಿಂದ ಕಂದು ಬಣ್ಣದ ಬಾಟಲಿ ಇಳಿಸಿದ. “ವರ್ಷಕ್ಕೊಬ್ಬರಾದ್ರೂ ನಿಮ್ಮ ಥರದವರು ಬರ್ತಾರಮ್ಮ. ಅವರಿಗೇ ಅಂತ ಇಟ್ಟಿರೋದು.”

ಬಾಟಲಿಯ ಚೀಟಿಯಲ್ಲಿ ಇದೇ ತೊರೆಯ ಹೆಸರಿತ್ತು. ಹನ್ನೆರಡು ವರ್ಷ ಹಿಂದಿನ ತಾರೀಕು. ಮೊದಲ ತಂಡದವರು ಹಿಡಿದದ್ದು. ಅಂದರೆ ಆಗ ಇದ್ದವು. ಅವಳು ತಾರೀಕನ್ನು ಇನ್ನೊಮ್ಮೆ ಓದಿದಳು.

ಗಾಜಿನ ತಟ್ಟೆಗೆ ಸುರಿದಾಗ, ಹುಳು ಕೊಳೆಯದಂತೆ ಹಾಕಿದ್ದ ಫಾರ್ಮಲಿನ್ ಕಣ್ಣಿಗೆ ಹೊಡೆಯಿತು. ತಟ್ಟೆಯಲ್ಲಿ ಹುಳುಗಳಿರಲಿಲ್ಲ, ಹುಳುಗಳ ಪುಡಿಯಿತ್ತು. ವರ್ಷವರ್ಷವೂ ಚಿಮಟದಲ್ಲಿ ಎತ್ತಿ, ಎಣಿಸಿ, ಮತ್ತೆ ಒಳಗೆ ಹಾಕಿ ಕಾಲು ಬೇರೆ, ಹೊಟ್ಟೆ ಬೇರೆ ಆಗಿದ್ದವು.

“ಬಾಲನೇ ಇಲ್ವಲ್ಲ.”

“ತಲೆ ಎಣಿಸಿ,” ಅಟೆಂಡರ್ ಹೇಳಿದ. “ಎಲ್ಲರೂ ತಲೆನೇ ಎಣಿಸೋದು.”

ಹನ್ನೆರಡು. ಮತ್ತೆ ಎಣಿಸಿದಳು. ಗಾಜಿಗೆ ಅಂಟಿಕೊಂಡಿದ್ದ ಒಂದು ಸಿಕ್ಕಿ ಹದಿಮೂರಾಯಿತು. ಬದಿಯಲ್ಲಿ ಸಾಸಿವೆಯ ಸಿಪ್ಪೆಯಂಥದ್ದೊಂದು ಉಳಿಯಿತು. ತಲೆಯೇ, ಅಲ್ಲವೇ, ಲೆನ್ಸಿನಲ್ಲೂ ಗೊತ್ತಾಗಲಿಲ್ಲ.

ಫೋನು ನಡುಗಿತು. ಗಂಡ.

“ಆಯ್ತಾ?”

“ಆಗ್ತಾ ಇದೆ.”

“ಏನಾದ್ರೂ ತೊಂದರೆನಾ?”

“ಇಲ್ಲ. ಎಲ್ಲ ಚೆನ್ನಾಗಿದೆ.”

ಫೋನು ಕೆಳಗಿಟ್ಟು, ಚಿಮಟ ಹಿಡಿದು, ಆ ಸಿಪ್ಪೆಯನ್ನು ತಲೆಗಳ ಸಾಲಿಗೆ ಸೇರಿಸಿದಳು. ಕೈ ಹಿಂಜರಿಯಲಿಲ್ಲ. ಅದೇ ಅವಳಿಗೆ ಅತ್ಯಂತ ಹೇಸಿಗೆಯಾಗಿ ಕಂಡದ್ದು.

ಹೊಸ ಹಾಳೆಯಲ್ಲಿ ಹದಿನಾಲ್ಕು ಎಂದು ಬರೆದಳು. ದುಂಡಗಿನ, ಮಾರ್ಕು ಬೀಳುವ ಅಕ್ಷರ.

“ಇದು ಬೇಕಾ?” ಅಟೆಂಡರ್ ಅವಳ ಸೀಸೆ ಎತ್ತಿ ತೋರಿಸಿದ. ಅವಳು ತಲೆಯಾಡಿಸಿದಳು. ಬೇಡ ಎಂದೋ, ಗೊತ್ತಿಲ್ಲ ಎಂದೋ. ಅವನು ಮೂವತ್ತೇಳನ್ನೂ ಸಿಂಕಿಗೆ ಸುರಿದು ನಲ್ಲಿ ಬಿಟ್ಟ.

ಮೇಡಂ ಓದದೆ ಸಹಿ ಹಾಕಿದರು. “ನೋಡಿದ್ರಾ, ಹುಡುಕಿದ್ರೆ ಸಿಗುತ್ತೆ.” ಆಮೇಲೆ ನೆನಪಾದವರಂತೆ, “ಹೋಗ್ಬೇಡಿ. ಹೊಸ ವರ್ಷದ ಅಡ್ಮಿಶನ್ ಕಿರುಹೊತ್ತಿಗೆಗೆ ಫೋಟೋ ತೆಗೀತಿದ್ದಾರೆ. ನೀವೂ ಇರಿ. ಇಷ್ಟು ವಯಸ್ಸಾದವರೂ ಓದ್ತಾರೆ ಅಂತ ಕಾಣ್ಲಿ.”

ಹಿಂಗೋಡೆಯ ಆಚೆ ಹುಡುಗ ಹುಡುಗಿಯರು ಬಲೆ ಹಿಡಿದು ಸಾಲಾಗಿ ನಿಂತಿದ್ದರು. ಯಾರ ಬಲೆಯೂ ಒದ್ದೆಯಾಗಿರಲಿಲ್ಲ. ಫೋಟೋದವನು ನೀರಿಗೆ ಒಬ್ಬರು ಇಳಿಯಬೇಕು ಎಂದ. ಎಲ್ಲರೂ ಪಕ್ಕದವರನ್ನು ನೋಡಿದರು.

“ಆಂಟಿ ಹೇಗೂ ಬೆಳಿಗ್ಗೆ ಇಳಿದಿದ್ರಲ್ಲ,” ಗುಬ್ಬಿ ಅಂದಳು. ಸಹಿ ಸಿಕ್ಕಿದ ಖುಷಿಗೆ ಅವಳ ದನಿಯಲ್ಲಿ ಅಕ್ಕರೆಯೂ ಇತ್ತು.

ಇಳಿದಳು.

“ಗ್ಲೌಸ್ ಬೇಡಮ್ಮ, ಬರಿಗೈ. ಬೊಗಸೇಲಿ ನೀರೆತ್ತಿ. ಇನ್ನೂ ಮೇಲೆ. ಮುಖದ ಹತ್ರ. ಹಾಂ, ಕುಡಿಯೋ ಹಾಗೆ.”

“ಬಣ್ಣ ಕಾಣುತ್ತಲ್ಲಣ್ಣ?” ಯಾರೋ ಕೇಳಿದರು.

“ಅದನ್ನ ಆಮೇಲೆ ತಿಳಿ ಮಾಡ್ತೀನಿ.”

ನಗು ಹರಡಿತು. ಅಷ್ಟರಲ್ಲಿ ಸೂರ್ಯನಿಗೆ ಮೋಡ ಅಡ್ಡ ಬಂತು. ಫೋಟೋದವನು ಕ್ಯಾಮೆರಾ ಇಳಿಸಿ ಆಕಾಶ ನೋಡಿದ. “ಹಾಗೇ ಇರಿ ಅಮ್ಮ. ಬೆಳಕು ಬರ್ಲಿ.”

ಎಲ್ಲರೂ ತಲೆಯೆತ್ತಿ ಮೋಡ ನೋಡುತ್ತ ನಿಂತರು. ಕಪ್ಪು ನೀರು ಅವಳ ಮಣಿಕಟ್ಟಿನಿಂದ ಮೊಣಕೈಗೆ ಇಳಿದು, ತೋಳಿನ ಬಟ್ಟೆಯೊಳಗೆ ತಣ್ಣಗೆ ಹರಿಯಿತು. ತುಟಿಗೂ ನೀರಿಗೂ ನಡುವೆ ನಾಲ್ಕು ಬೆರಳ ಅಂತರ. ಕೆಳಗೆ ಬಿಟ್ಟುಬಿಡಬಹುದಿತ್ತು, ಯಾರೂ ನೋಡುತ್ತಿರಲಿಲ್ಲ. ಅಂಗೈಯ ಗೆರೆಗಳ ಮೇಲೆ ಏನೋ ದಾರದಂತೆ ತೆಳ್ಳಗೆ ಅಲುಗಿದಂತಾಯಿತು. ಅವಳು ಬಗ್ಗಿ ನೋಡಲಿಲ್ಲ. ನೀರು ಸೋರದ ಹಾಗೆ ಅವಳ ಬೆರಳುಗಳು ತಮ್ಮಷ್ಟಕ್ಕೆ ತಾವೇ ಬಿಗಿದುಕೊಂಡವು.