ಸೋಮವ್ವ ಕೂರಬೇಕಾದ ಕಲ್ಲು

ಈಗ ನೀರು ನಿಂತಿರುವಲ್ಲಿ ಮೊದಲೊಂದು ಓಣಿಯಿತ್ತು. ಆ ಓಣಿಯಲ್ಲೊಂದು ಮನೆ, ಆ ಮನೆಯ ಮುಂದೊಂದು ಕಟ್ಟೆ, ಆ ಕಟ್ಟೆಗೆ ಹಾಸಿದ ಒಂದು ಬಿಳಿಕಲ್ಲು. ಕಲ್ಲಿನ ಮೇಲೆ ದಿನಾ ಮಧ್ಯಾಹ್ನ ಅಕ್ಕ ತಂಗಿ ಇಬ್ಬರು ಕೂತು ಹುಣಸೆಬೀಜ ಚೆಲ್ಲಿ ಚೌಕಾಬಾರ ಆಡುತ್ತಿದ್ದರು. ಅವರ ಆಟ ನೋಡಿ ನೋಡಿ ಹೊಳೆಗೂ ಆಸೆಯಾಯಿತು. ನಾನೂ ಬರುತ್ತೇನೆ, ಜಾಗ ಬಿಡಿ ಎಂದು ಹೇಳಿ ಕಳಿಸಿತು.

ಲಲಿತಾಳ ಅಜ್ಜಿ ಬದುಕಿದ್ದರೆ ಈ ಕತೆಯನ್ನು ಹೀಗೆಯೇ ಶುರು ಮಾಡುತ್ತಿದ್ದಳು, ಹೊಳೆಗೆ ಬಾಯಿ ಕೊಟ್ಟು, ಕಲ್ಲಿಗೆ ಕಾಲು ಕೊಟ್ಟು. ಆದರೆ ಇದು ಲಲಿತಾಳ ಅತ್ತೆ ಬಸಲಿಂಗವ್ವನ ತವರುಮನೆಯ ಸಂಗತಿ. ಕಲ್ಲು ತನ್ನ ಕಾಲ ಮೇಲೆ ಬರಲಿಲ್ಲ, ಟ್ರ್ಯಾಕ್ಟರಿನಲ್ಲಿ ಬಂತು.

ಹಳೆ ಬಾಗಲಕೋಟೆಯ ಆ ಮನೆ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಡೆಗೆ ಹೋಗುವಾಗ ಜನ ಬಾಗಿಲು ಕಳಚಿಕೊಂಡರು, ತೊಲೆ ಇಳಿಸಿಕೊಂಡರು. ಅಷ್ಟರಲ್ಲಿ ಅಕ್ಕ ಬಸಲಿಂಗವ್ವ ಇಳಕಲ್ಲಿನ ಸೊಸೆ, ತಂಗಿ ಸೋಮವ್ವ ಗುಳೇದಗುಡ್ಡದ ನೇಕಾರರ ಮನೆಯ ಸೊಸೆ. ಇಬ್ಬರಿಗೂ ಬೇಕಿದ್ದುದು ಆ ಕಲ್ಲೊಂದೇ. ಇಳಕಲ್ಲಿಗೆ ಹೊರಟ ಟ್ರ್ಯಾಕ್ಟರಿನಲ್ಲಿ ಜಾಗವಿತ್ತು. ಅಷ್ಟೇ ಕಾರಣಕ್ಕೆ ಅದು ಅಕ್ಕನ ಪಾಲಾಯಿತು.

ಸೋಮವ್ವ ಜಗಳ ತೆಗೆಯಲಿಲ್ಲ. "ಒಯ್ಯಿ ಅಕ್ಕಾ. ನಿನ್ನ ಮನಿ ಕಟ್ಟಿಗೆ ಹಾಸಿ ನನ್ನ ಕರಿ, ಅದರ ಮ್ಯಾಲ ಕುಂಡ್ರಾಕ ಬರ್ತೇನಿ. ಅಲ್ಲೀತನಾ ನಿನ್ನ ಹೊಸ್ತಿಲಾ ತುಳಿಯಾಂಗಿಲ್ಲ" ಎಂದಳು.

"ಹಾಸ್ತೇನಿ" ಎಂದು ಬಸಲಿಂಗವ್ವ ಮಾತು ಕೊಟ್ಟಳು.

ಆದರೆ ಗಂಡನ ಮನೆಗೆ ಕಟ್ಟೆಯೇ ಇರಲಿಲ್ಲ. ಬಾಗಿಲು ತೆರೆದರೆ ರಸ್ತೆ. ಕಲ್ಲು ಹಿತ್ತಲಿನಲ್ಲಿ ಬೋರಲು ಬಿತ್ತು, ಬಟ್ಟೆ ಒಗೆಯುವ ಕಲ್ಲಾಯಿತು. ಅಕ್ಕತಂಗಿಯರು ಮದುವೆಗಳಲ್ಲಿ ಸೇರಿದರು, ಮಹಾಕೂಟದ ಹೊಂಡದಲ್ಲಿ ಒಟ್ಟಿಗೆ ಮಿಂದರು, ಫೋನಿನಲ್ಲಿ ದಿನಾ ಮಾತಾಡಿದರು. ಇಳಕಲ್ಲಿನ ಮನೆಗೆ ಮಾತ್ರ ಸೋಮವ್ವ ಬರಲಿಲ್ಲ. ಅಕ್ಕನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವಾಗಲೂ ಬರಲಿಲ್ಲ.

ಈ ವರ್ಷ ಬಸಲಿಂಗವ್ವನ ಮಗ, ಲಲಿತಾಳ ಗಂಡ ಅಮರೇಶ ತನ್ನ ಗ್ರಾನೈಟ್ ಶೆಡ್ಡಿನ ಪಕ್ಕದಲ್ಲೇ ಹೊಸ ಮನೆ ಕಟ್ಟಿಸಿದ. ಮುಂದೆ ಅಗಲವಾದ ಕಟ್ಟೆ. ಊರಿನವರೆಲ್ಲ ಹಾಸುವಂತೆ ಅದಕ್ಕೂ ಕೆಂಪು ಗ್ರಾನೈಟೇ ಎಂದುಕೊಂಡಿದ್ದ. ಒಂದು ಸಂಜೆ ಬಸಲಿಂಗವ್ವ ಚಹಾದ ಬಟ್ಟಲು ಹಿಡಿದುಕೊಂಡು, ಯಾರನ್ನೂ ನೋಡದೆ, "ಹಿತ್ತಲದಾಗ ನಂದೊಂದು ಕಲ್ಲೈತಿ" ಎಂದಳು. ಆ ಮನೆಯಲ್ಲಿ ಅವಳು ತನಗೆಂದು ಏನನ್ನಾದರೂ ಕೇಳಿದ್ದನ್ನು ಲಲಿತಾ ಕೇಳಿಸಿಕೊಂಡದ್ದು ಅದೇ ಮೊದಲು.

"ಅದನ್ನ ನಾ ಮಾಡ್ತೇನಿ ಅತ್ತಿ. ಗೃಹಪ್ರವೇಶದ ದಿನಾ ಸೋಮವ್ವ ಚಿಗವ್ವ ಅದರ ಮ್ಯಾಲ ಕುಂತಿರ್ತಾರ" ಎಂದಳು ಲಲಿತಾ.

ಶೆಡ್ಡಿನಲ್ಲಿ ಕೊಯ್ಯುವ ಕೆಲಸ ಅಮರೇಶನದು, ಪಾಲಿಶ್ ಲಲಿತಾಳದು. ಕಲ್ಲನ್ನು ತಂದು ಮಗುಚಿ ಹಾಕಿದಾಗ ಅದರ ಮೈತುಂಬ ಹಳೆ ಗಾರೆ, ಸಿಮೆಂಟಿನ ಕಲೆ. ನಡುವೆ ಕೂದಲೆಳೆಯಷ್ಟು ತೆಳ್ಳಗೆ ಚೌಕಾಬಾರದ ಮನೆಗಳು. ಬಸಲಿಂಗವ್ವ ಬಗ್ಗಿ ಗೆರೆಯ ಮೇಲೆ ಬೆರಳಿಟ್ಟಳು. "ಇದು ಸೋಮಿ ಕೊರದದ್ದು. ಮೊಳಿ ತಗೊಂಡು. ಅಪ್ಪನ ಕಡೆ ಬೈಸಿಕೊಂಡಾಕಿ ನಾ."

ಅಮರೇಶ ಒಡೆದ ಮೂಲೆಯನ್ನು ನೇರವಾಗಿ ಕೊಯ್ದು, ಕಟ್ಟೆಯ ಅಳತೆಗೆ ತಂದು ಹೋದ. ಮುಂದಿನದು ಲಲಿತಾಳ ಪಾಲಿನದು.

ಗ್ರಾನೈಟಿಗೆ ಸಿಮೆಂಟ್ ಹತ್ತಿದ್ದರೆ ಇಳಕಲ್ಲಿನ ಯಾವ ಶೆಡ್ಡಿನಲ್ಲೂ ಮಾಡುವುದು ಒಂದೇ: ಆ್ಯಸಿಡ್ ಸುರಿ, ಬ್ರಷ್ಷಿನಿಂದ ತಿಕ್ಕು, ನೀರು ಹೊಡೆ. ಆ ಕೆಂಪು ಕಲ್ಲು ಅದಕ್ಕೆಲ್ಲ ಜಗ್ಗುವುದಿಲ್ಲ. ಲಲಿತಾಳ ಕೈ ತಾನಾಗಿಯೇ ಕ್ಯಾನು ಎತ್ತಿ ಬಗ್ಗಿಸಿತು.

ಬಿಳಿಕಲ್ಲು ನೊರೆಯೆದ್ದಿತು. ಹಾಲು ಉಕ್ಕಿದ ಹಾಗೆ ಸಣ್ಣಗೆ ಸದ್ದು ಮಾಡುತ್ತ ಏರಿತು. ಅಜ್ಜಿಯ ಕತೆಯಲ್ಲಿ ಗುಡ್ಡದೊಳಗೆ ಒಂದು ಹಸು ಇರುತ್ತಿತ್ತು. ಯಾರೂ ಕರೆಯದ ಹಾಲು ಒಳಗೊಳಗೇ ಸುರಿದು ಗುಡ್ಡವೇ ಬೆಳ್ಳಗಾಗುತ್ತಿತ್ತು. ಲಲಿತಾ ಬ್ರಷ್ಷು ಹಿಡಿದು ನಿಂತೇ ಇದ್ದಳು, ಹಸುವಿನ ಹಿಂದೆ ಗುಡ್ಡದೊಳಗೆ ಎಷ್ಟೋ ದೂರ ಹೋಗಿಬಿಟ್ಟಿದ್ದಳು.

ಅಮರೇಶ ನೀರಿನ ಪೈಪು ಎಳೆದುಕೊಂಡು ಓಡಿಬಂದು ಅವಳನ್ನು ಬದಿಗೆ ಸರಿಸಿದ. "ಸರಿ ಅತ್ತಾಗ."

ನೊರೆ ಹರಿದುಹೋದ ಮೇಲೆ ಉಳಿದದ್ದು ಕಳೆಯಿಲ್ಲದ, ಒಣರೊಟ್ಟಿಯಂತೆ ತರಿತರಿಯಾದ ಮೈ. ಗೆರೆಗಳು ಅಲ್ಲೊಂದು ಇಲ್ಲೊಂದು.

"ಇದು ಸುಣ್ಣದ ಜಾತಿ ಕಲ್ಲು. ಗ್ರಾನೈಟ್ ಅಲ್ಲ" ಎಂದ ಅಮರೇಶ.

"ನನಗ ಗೊತ್ತೈತ್ರಿ. ಕೈಗೆ ಗೊತ್ತಿರಲಿಲ್ಲ."

ಅವನು ಕುಕ್ಕರಗಾಲಿನಲ್ಲಿ ಕೂತು ಕಲ್ಲು ಸವರಿದ. "ಹಿಂಗ ಬಿಟ್ರ ಅರಿಷಿಣ, ಎಣ್ಣಿ, ಕಂಡದ್ದೆಲ್ಲಾ ಕುಡೀತೈತಿ. ಮ್ಯಾಲಿನ ಪದರ ಸವಸಿದ್ರ ಹೊಳಪು ಬರತೈತಿ. ಖರೆ, ಉಳದ ಗೆರಿನೂ ಹೋಗ್ತಾವ."

ಕಲ್ಲನ್ನು ತಿರುವಿ ಹಿಂದಿನ ಮಗ್ಗುಲನ್ನೇ ಮೇಲೆ ಮಾಡಿ ಹೊಸ ಗೆರೆ ಕೊರೆದುಬಿಟ್ಟರೆ ಯಾರಿಗೆ ತಿಳಿಯುತ್ತದೆ ಎಂದು ಲಲಿತಾ ಯೋಚಿಸಿದಳು. ಯೋಚನೆ ಮುಗಿಯುವ ಮೊದಲೇ ಬಸಲಿಂಗವ್ವ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು. ಅವಳು ಬಂದು, ಗೆರೆಯಿದ್ದ ಕಡೆ ಬೆರಳಾಡಿಸಿ, ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

"ಸೋಮಿ ಬಂದ್ರ ಮೊದಲ ನೋಡೂದು ಇದನ್ನ. ಮಗ್ಗದ ಮುಂದ ಕುಂತ ಕಣ್ಣು ಅದು. ಖಣದಾಗ ಒಂದೆಳಿ ತಪ್ಪಿದ್ರ ಹಿಡೀತಾಳ."

"ಬೈರಿ ಅತ್ತಿ" ಎಂದಳು ಲಲಿತಾ.

"ಬೈದ್ರ ಗೆರಿ ಬರ್ತಾವೇನ? ಬಂದಿದ್ರ ನಿನ್ನ ಮಾವನ್ನ ಬೈದ ಬೈಗಳಕ್ಕ ನಮಗೊಂದು ಅರಮನಿ ಆಗಬೇಕಿತ್ತು." ಬಸಲಿಂಗವ್ವ ಒಂದು ಚಂಬು ಹುಡುಕಿಕೊಂಡು ಕಲ್ಲಿನ ಪಕ್ಕ ಕೂತಳು. "ನಾ ನೀರ ಹಾಕ್ತೇನಿ. ನೀ ತಿಕ್ಕು."

ಲಲಿತಾ ದೊಡ್ಡ ಮಿಷನ್ನಿನ ತಂಟೆಗೆ ಹೋಗಲಿಲ್ಲ. ಕೈಮಿಷನ್ನಿಗೆ ಮೊದಲು ಒರಟು ಪ್ಯಾಡು, ಆಮೇಲೆ ಅದಕ್ಕಿಂತ ನುಣ್ಣನೆಯದು, ಆಮೇಲೆ ಇನ್ನೂ ನುಣ್ಣನೆಯದು. ಗ್ರಾನೈಟಿನ ಮೇಲೆ ಒತ್ತುವ ಹಾಗೆ ಒತ್ತುವಂತಿಲ್ಲ. ಈ ಕಲ್ಲು ಬಿಸಿಯಾದರೆ ಮುನಿಸಿಕೊಳ್ಳುತ್ತದೆ. ಹಾಗಾಗಿ ಬೆಳಿಗ್ಗೆ ಸ್ವಲ್ಪ, ಊಟವಾದ ಮೇಲೆ ಸ್ವಲ್ಪ. ಚಂಬಿನ ನೀರು ಸಣ್ಣಗೆ ಬೀಳುತ್ತಿತ್ತು, ಕಲ್ಲಿನಿಂದ ಬೆಳ್ಳನೆಯ ರಾಡಿ ಇಳಿಯುತ್ತಿತ್ತು. ಮಿಷನ್ನು ನಿಂತಾಗಲೆಲ್ಲ ಅತ್ತೆ ಮಾತಾಡುತ್ತಿದ್ದಳು: ಓಣಿಯಲ್ಲಿ ಯಾರ ಮನೆಯಲ್ಲಿ ಯಾವ ಹೊತ್ತಿಗೆ ಒಗ್ಗರಣೆ, ಯಾರ ಎಮ್ಮೆ ಯಾರ ಬಾಗಿಲಲ್ಲಿ. ನೀರಿನ ಕೆಳಗಿನ ಓಣಿಯೊಂದು ಶೆಡ್ಡಿನ ಧೂಳಿನಲ್ಲಿ ಬಾಗಿಲು ತೆರೆಯುತ್ತಿತ್ತು. ಲಲಿತಾ ಈ ಸಲ ಅದರೊಳಗೆ ಹೋಗಲಿಲ್ಲ. ಹೊರಗೇ ನಿಂತು ಕೇಳಿದಳು, ಕಣ್ಣು ಕಲ್ಲಿನ ಮೇಲೆಯೇ ಇತ್ತು.

ತರಿ ಹೋಯಿತು. ಗೆರೆಯೂ ಹೋಯಿತು. ಕಲ್ಲು ಮೊಸರಿನಂತೆ ತಣ್ಣಗೆ, ಏನೂ ಬರೆಯದ ಹಾಗೆ ಇತ್ತು.

"ಕಡೀ ಪಾಲಿಶಿಗಿಂತ ಮೊದಲ ಗೆರಿ ಹಾಕಬೇಕು ಅತ್ತಿ. ಆದ್ರ ಹೆಂಗಿದ್ವು ಅಂತ ನನಗ ನೆನಪಿಲ್ಲ."

"ನನಗೂ ನೆನಪಿಲ್ಲ" ಎಂದಳು ಬಸಲಿಂಗವ್ವ. ಬಿಳಿ ರಾಡಿಯನ್ನು ಅಂಗೈಯಿಂದ ಕಲ್ಲಿನ ನಡುವೆ ಹರಡಿದಳು. ತೋರುಬೆರಳು ಇಳಿಸಿದಳು. ಬೆರಳು ಎಲ್ಲಿಯೂ ನಿಂತು ಯೋಚಿಸಲಿಲ್ಲ. ಅಡ್ಡ ಗೆರೆ, ಉದ್ದ ಗೆರೆ, ಕಾಯಿ ಹೊಡೆಯಲಾಗದ ಕಟ್ಟೆಮನೆಗಳಿಗೆ ಕತ್ತರಿ ಗುರುತು. ತನ್ನ ಕಡೆಯ ಸಾಲನ್ನು ಉಳಿದವಕ್ಕಿಂತ ಕಿರಿದಾಗಿ ಎಳೆದಳು. "ಈ ಸಾಲು ಸಣ್ಣದು. ಸೋಮಿ ಕೊರಕೋತ ಬಂದು ಇಲ್ಲಿಗೆ ಜಾಗಾ ಸಾಲಲಿಲ್ಲ" ಎಂದಳು. ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾದಂತಿತ್ತು.

ರಾಡಿ ಒಣಗುವ ಮೊದಲು ಲಲಿತಾ ಆ ಬೆರಳಿನ ಜಾಡು ಹಿಡಿದು ಸಣ್ಣ ಬ್ಲೇಡಿನಲ್ಲಿ ಗೀರಿದಳು, ಸೊಟ್ಟ ಇದ್ದಲ್ಲಿ ಸೊಟ್ಟ, ಸಣ್ಣ ಇದ್ದಲ್ಲಿ ಸಣ್ಣ. ಆಮೇಲೆ ಕೊನೆಯ ಪಾಲಿಶ್. ಅಮರೇಶ ಗೆಳೆಯರನ್ನು ಕರೆದು ಕಲ್ಲನ್ನು ಎತ್ತಿಸಿ, ಅವ್ವ ಹೇಳಿದಂತೆ ಸಣ್ಣ ಸಾಲನ್ನು ಗೋಡೆಯ ಕಡೆಗೆ ಮಾಡಿ, ಮಟ್ಟ ನೋಡಿ ಕಟ್ಟೆಗೆ ಕೂರಿಸಿದ. ಬಸಲಿಂಗವ್ವ ಗುಳೇದಗುಡ್ಡಕ್ಕೆ ಫೋನು ಮಾಡಿದಳು. "ಹಾಸೇನಿ, ಬಾ" ಎಂದಷ್ಟೇ ಹೇಳಿ ಇಟ್ಟಳು.

ಗೃಹಪ್ರವೇಶದ ದಿನ ಸೋಮವ್ವ ಬಂದಿಳಿದಳು. ಸಣ್ಣ ಜೀವ, ಕಂಕುಳಲ್ಲಿ ಖಣಗಳ ಗಂಟು. ಅಂಗಳದಲ್ಲೇ ನಿಂತು, ಕಟ್ಟೆಯ ಮೇಲೆ ಬಗ್ಗಿ, ಗೆರೆಗಳನ್ನು ನೋಡಿದಳು. ಲಲಿತಾ ಆರತಿಯ ತಟ್ಟೆ ಹಿಡಿದು ಬಾಗಿಲಲ್ಲೇ ಉಳಿದಳು.

"ಇವು ನನ್ನ ಗೆರಿ ಅಲ್ಲ" ಎಂದಳು ಸೋಮವ್ವ.

"ಅಲ್ರಿ ಚಿಗವ್ವಾ. ನಾ ಆ್ಯಸಿಡ್ ಹಾಕಿ ಅವನ್ನ ಕೆಡಿಸಿದೆ. ಅತ್ತಿ ಸಣ್ಣ ಸಾಲು ತಮ್ಮ ಕಡೆ ಮಾಡಿ ಬೆರಳಿಲೆ ಬರದು ತೋರಿಸಿದ್ರು, ಅದರ ಮ್ಯಾಲ ನಾ ಮತ್ತ ಕೊರದೆ."

ಸೋಮವ್ವ ಕಿರಿದಾದ ಸಾಲಿನ ಮೇಲೆ ಉಗುರು ಎಳೆದಳು. "ಸಣ್ಣ ಸಾಲು ಬರಿಯೂದು ಮರತಿಲ್ಲ. ಆದ್ರ ಅದು ನನ್ನ ಕಡೆ ಇತ್ತು. ನಿನ್ನ ಕಡೆ ಯಾಕ ಮಾಡ್ಕೊಂಡಿ ಅಕ್ಕಾ?"

"ನನ್ನ ಕಡೆನ ಇತ್ತು. ಗೋಡಿ ಕಡೆ ಕುಂಡ್ರಾಕಿ ನಾ."

"ಗೋಡಿ ಕಡೆ ನಾ ಕುಂಡ್ರತಿದ್ದೆ. ನೀ ಓಣಿ ಕಡೆ ಮಾರಿ ಮಾಡಿ, ಹೋಗೂ ಬರೂ ಮಂದೀನ್ನ ನೋಡಾಕಿ."

"ಯಾ ಮಂದೀನ್ನ ನೋಡ್ತಿದ್ದೆ?"

"ಈಗ ನಿನ್ನ ಮಗನ ಮುಂದ ಹೇಳಲೇನು?"

ಅಮರೇಶ ನಗು ತಡೆಯಲು ಒಳಗೆ ಹೋದ.

"ಗೋಡಿ ಕಡೆ ಕುಂತ್ರ ಹುಣಸಿಬೀಜ ಚೆಲ್ಲಾಕ ನಿನಗ ಕೈ ಎಟಕತಿರಲಿಲ್ಲ. ಇಲ್ಲೇ, ಹಿಂಗ" ಎಂದು ಬಸಲಿಂಗವ್ವ ಗೋಡೆಯ ಕಡೆ ಕೂತು ತೋರಿಸಿದಳು.

"ಸರಿ ಅತ್ತಾಗ. ಹೆಂಗಿತ್ತು ನೋಡು" ಎಂದು ಸೋಮವ್ವ ಗಂಟನ್ನು ಬದಿಗಿಟ್ಟಳು. ಸೀರೆಯ ನಿರಿಗೆ ಒಟ್ಟು ಮಾಡಿಕೊಂಡು ಕಟ್ಟೆ ಹತ್ತಿ, ಅಕ್ಕನನ್ನು ಮೊಣಕೈಯಿಂದ ನೂಕಿ, ಗೋಡೆಗೆ ಬೆನ್ನು ಕೊಟ್ಟು, ಬಿಳಿಕಲ್ಲಿನ ಮೇಲೆ ಕಾಲು ಮಡಚಿ ಕೂತಳು.