ಸೀಮೆ ಸಿಗದ ದಸರಾ

ಬಸವಕಲ್ಯಾಣದ ಕಿರಾಣಿ ವ್ಯಾಪಾರಿ ಮಹಾರುದ್ರಪ್ಪನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ಆ ದಸರಾದ ದಿನ, ಸ್ಯಾನ್ ಮರಿನೋ ಎಂಬ ಅಂಗೈಯಗಲದ ದೇಶದಲ್ಲಿ ಅವನಿಗೆ ಬಂದದ್ದು ಸಿಟ್ಟಲ್ಲ, ಗೊಂದಲ. ಅಂಗಿಯ ಜೇಬಿನಲ್ಲಿ ಊರಿನಿಂದ ತಂದ ಬನ್ನಿ ಎಲೆಗಳಿದ್ದವು. ಅವನ್ನು ಹೆಂಡತಿಯ ತಮ್ಮ ಗುರುಶಾಂತನ ಕೈಗೆ ಕೊಡಬೇಕಿತ್ತು.

ಮೂರು ವರ್ಷದ ಹಿಂದೆ ಹುಮನಾಬಾದಿನಲ್ಲಿ ಗುರುಶಾಂತನ ಮಗಳ ಮದುವೆ. ನೆಂಟರಿಗೆ ಬಟ್ಟೆಯ ಉಡುಗೊರೆ ಕೊಡುವ ಆಯೇರಿ ಮಾಡುವಾಗ ಮೊದಲ ರುಮಾಲನ್ನು ಮನೆಯ ಹಿರಿಯ ಅಳಿಯನಾದ ತನಗೆ ಸುತ್ತದೆ ಘಾಟಬೋರಾಳದ ಯಾರೋ ಬೀಗನಿಗೆ ಸುತ್ತಿದರೆಂದು ಮಹಾರುದ್ರಪ್ಪ ಉಣ್ಣದೆ ಎದ್ದು ಬಂದ. ಅಂದಿನಿಂದ ಮಾತಿಲ್ಲ, ಕತೆಯಿಲ್ಲ. ಇವನ ಹಟ, ಅವನ ಬಿಗುಮಾನ. ನಡುವೆ ಹೆಂಡತಿ ಜಯಮಾಲಾಳಿಗೆ ತವರಿನ ಬಾಗಿಲು ಮುಚ್ಚಿತು. ಕೊನೆಗೆ ಅವಳೇ ಒಬ್ಬರದು ಇನ್ನೊಬ್ಬರಿಗೆ ತಿಳಿಯದಂತೆ ಇಬ್ಬರ ಹೆಸರನ್ನೂ ಒಂದೇ ಪ್ರವಾಸಕ್ಕೆ ಬರೆಸಿದಳು. ವಿಮಾನದಲ್ಲಿ ಗುಟ್ಟು ರಟ್ಟಾದಾಗ, ಊರಿನಿಂದ ತಂದಿದ್ದ ಬನ್ನಿ ಎಲೆಗಳನ್ನು ಗಂಡನ ಕೈಗಿಟ್ಟು ಹೇಳಿದಳು: "ಈ ದಸರಾಕ್ಕ ನನ್ನ ತಮ್ಮಗ ಬನ್ನಿ ಕೊಡ್ಲಿಲ್ಲಂದ್ರ, ಇನ್ನ ನಿಮ್ಮ ಮುಂದ ತವರಿನ ಹೆಸರ ತಗಿಯಂಗಿಲ್ಲ ನಾ."

ಅತ್ತು ಹೇಳಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ತಣ್ಣಗೆ ಹೇಳಿದಳು. ಅವನಿಗೆ ಹೆದರಿಕೆಯಾಯಿತು.

ಕೊಡಲು ಅವನು ತಯಾರಿದ್ದ. ಆದರೆ ದಸರಾದ ದಿನವೇ ಸೀಮೆಯ ಗಡಿ ದಾಟಿ, ಆಮೇಲೆ ಬನ್ನಿ ಕೊಡುವುದು ಅವರ ಮನೆಯ ಪದ್ಧತಿ. ದಾಟದೆ ಕೊಟ್ಟರೆ ಅದು ಬರೀ ಎಲೆ. ದೇಶದ ಸೀಮೆ ಅಂದಮೇಲೆ ಗೇಟು, ಬಂದೂಕು, ಪೊಲೀಸರು ಇದ್ದೇ ಇರುತ್ತಾರೆ, ಅಲ್ಲಿ ಇಳಿದಾಗ ಕೊಟ್ಟರಾಯಿತು ಎಂದು ಇಟಲಿಯಿಂದ ಹೊರಟ ಬಸ್ಸಿನ ಕಿಟಕಿಗೆ ಕಣ್ಣಿಟ್ಟು ಕೂತ. ನಡುವೆ ಕಣ್ಣು ಮುಚ್ಚಿದ್ದನ್ನು ಅವನು ಇಂದಿಗೂ ಒಪ್ಪುವುದಿಲ್ಲ.

ಗುಡ್ಡ ಹತ್ತಿ ಬಸ್ಸು ನಿಂತಿತು. "ಸೀಮಿ ಯಾವಾಗ ಬರ್ತದವಾ?" ಎಂದು ಪ್ರವಾಸದ ಗೈಡ್ ಹುಮೇರಾಳನ್ನು ಕೇಳಿದ.

"ಅದು ದಾಟಿ ಇಪ್ಪತ್ತು ಮಿನಿಟ್ ಆತ್ರಿ ಕಾಕಾ."

"ಯಾರೂ ನಿಲ್ಲಿಸ್ಲೇ ಇಲ್ಲ?"

"ಇಲ್ಲಿ ಯಾರೂ ನಿಲ್ಲಸಂಗಿಲ್ರಿ. ಒಂದು ಬೋರ್ಡ್ ಅದ, ಅಷ್ಟೇ."

ಗೊತ್ತಿಲ್ಲದೆ ದಾಟಿದರೆ ದಾಟಿದಂತಾಯಿತೇ? ಕಲ್ಲು ಹಾಸಿದ ಓಣಿಗಳಲ್ಲಿ ಮಹಾರುದ್ರಪ್ಪ ಕಕ್ಕಾಬಿಕ್ಕಿಯಾಗಿ ನಡೆದ. ಕಲ್ಯಾಣದ ಕೋಟೆ ಕಂಡವನಿಗೆ ಬುರುಜು ಹೊಸದಲ್ಲ. ಆದರೆ ಈ ಬುರುಜಿನಿಂದ ಇಡೀ ದೇಶ ಕಾಣುತ್ತಿತ್ತು, ಅದು ಎಲ್ಲಿ ಮುಗಿಯುತ್ತದೆಂಬುದು ಮಾತ್ರ ಕಾಣುತ್ತಿರಲಿಲ್ಲ. ಕಾವಲಿನವನಿಗೆ ಕೈಸನ್ನೆ ಮಾಡಿ ಕೇಳಿದರೆ ಅವನು ಸುತ್ತಲೂ ಕೈ ತಿರುಗಿಸಿ, ಅತ್ತಲೂ ಇಟಲಿ, ಇತ್ತಲೂ ಇಟಲಿ ಎಂದ. ಊರಿನ ಹೊತ್ತಿಗೇ ಬಿಟ್ಟಿದ್ದ ಕೈಗಡಿಯಾರ ಸಂಜೆ ಆರು ತೋರಿಸುತ್ತಿತ್ತು, ತಲೆಯ ಮೇಲೆ ಮಧ್ಯಾಹ್ನದ ಬಿಸಿಲು. ಕೆಳಗಿಂದ ಹುಮೇರಾ ಬಸ್ಸಿಗೆ ಕರೆದಳು. ಬಂದ ದಾರಿಗೆ ಸುಂಕವಿಲ್ಲ ಎಂದು ಹೊರಟುಬಿಡುವುದೇ?

ಗೋಡೆಯ ಬಳಿ ಗುರುಶಾಂತ ಒಬ್ಬನೇ ನಿಂತಿದ್ದ. ಇಡೀ ಗುಡ್ಡದ ಮೇಲೆ ಈ ಪ್ರಶ್ನೆ ಅರ್ಥವಾಗುವ ಗಂಡಸು ಅವನೊಬ್ಬನೇ. ಮಹಾರುದ್ರಪ್ಪ ತಡೆಯಲಾರದೆ ಕೇಳಿಯೇಬಿಟ್ಟ: "ಗುರುಶಾಂತ, ಈ ದೇಶಕ್ಕ ಸೀಮಿ ಎಲ್ಲಿ ಅದಲೇ?"

ಗುರುಶಾಂತ ಬೆಚ್ಚಿಬಿದ್ದ. "ಆ... ಆ ಹಳ್ಳದ ಹತ್ರ ಇರ್ಬೇಕ್ರಿ ಮಾಮಾ."

"ನಾವು ಹಳ್ಳ ದಾಟೇ ಇಲ್ಲ!"

"ದಾಟೀವ್ರಿ. ನೀವು ನಿದ್ದಿ ಹೊಡ್ಯಾಕತ್ತಿದ್ರಿ."

"ನಾ ಎಲ್ಲಿ ಮಲಗಿದ್ದೆ? ಅವತ್ತ ನನ್ನ ರುಮಾಲ ಮರ್ತಿ, ಇವತ್ತ ಸುಳ್ಳ ಹೇಳ್ತಿ!"

"ಮರ್ತಿಲ್ರಿ! ನಿಮಗಂತ ರೇಷ್ಮಿ ರುಮಾಲ ಒಳಗ ಬ್ಯಾರೆ ತಗದಿಟ್ಟಿದ್ದೆ. ತರೂದ್ರಾಗ ನೀವು ಎದ್ದು ನಡದ್ರಿ!"

ನಾಚಿಕೆಯಿಂದ ಮಹಾರುದ್ರಪ್ಪನ ಕಿವಿ ಬಿಸಿಯಾದವು. ಸೀಮೆ ದಾಟಿಯಾಗಿತ್ತೋ ಇಲ್ಲವೋ ಅವನಿಗೆ ಆಗಲೂ ತಿಳಿಯಲಿಲ್ಲ. ಎಲೆ ತೆಗೆದು ಕೈ ಚಾಚಿದ. "ತಗೊಳಪಾ. ಬಂಗಾರದಂಗ ಇರೋಣ."

ಗುರುಶಾಂತ ಎಲೆ ತೆಗೆದುಕೊಂಡು ಬಾಗಿ ಅವನ ಕಾಲು ಮುಟ್ಟಿದ.

ಮೆಟ್ಟಿಲ ಮೇಲೆ ನಿಂತು ಎಲ್ಲ ಕೇಳಿದ್ದ ಜಯಮಾಲಾ ಮೆಲ್ಲಗೆ ಕೇಳಿದಳು: "ತಮ್ಮಾ, ಆ ರುಮಾಲ ಇನ್ನಾ ಮನ್ಯಾಗ ಅದನು?"

"ಅದ ಅಕ್ಕಾ. ನೀನ ಬಂದು ತಗಿ."

ಮೂರು ವರ್ಷ ಅಳದವಳು ಅಲ್ಲೇ ಕಲ್ಲಿನ ಮೇಲೆ ಕೂತು, ಜನ ನೋಡುತ್ತಿದ್ದಂತೆಯೇ ಗೊಳೋ ಎಂದು ಅತ್ತಳು.