ಅರ್ಧ ಗೂಡುಗಳ ಮರ

ಹಕ್ಕಿಯ ಮಾತು ತಿಳಿಯುವವನು ಈ ಸೀಮೆಗೆ ನಾನೊಬ್ಬನೇ. ನನಗೆ ಕಲಿಸಿದವನೊಬ್ಬನಿದ್ದ, ಅವನು ಸತ್ತ. ನಾನು ಕಲಿತದ್ದನ್ನು ಕಣ್ಣಾರೆ ಕಂಡ ಗೆಳೆಯರಿದ್ದರು, ಅವರೂ ಒಬ್ಬೊಬ್ಬರಾಗಿ ಹೋದರು. ನಾನು ಹೇಳಹೊರಟ ಕಥೆ ನಡೆದ ಜಾಲಿಮರ ಉಳಿದಿದ್ದರೆ ಅದಾದರೂ ಸಾಕ್ಷಿ ನುಡಿಯುತ್ತಿತ್ತೋ ಏನೋ, ರಸ್ತೆ ಅಗಲ ಮಾಡುವಾಗ ಅದನ್ನೂ ಕಡಿದು ಹಾಕಿದರು. ಹಾಗಾಗಿ ನನ್ನ ಮಾತನ್ನೇ ನಂಬಬೇಕು, ಬೇರೆ ದಾರಿ ಇಲ್ಲ. ನಾನು ಶಾಲೆಯ ಕಟ್ಟೆ ಹತ್ತಿದವನಲ್ಲ. ಹತ್ತಿದವರು ಹಕ್ಕಿಯ ಹೆಸರು ಬರೆಯುತ್ತಾರೆ, ಅಷ್ಟೇ. ಹಕ್ಕಿ ಏನು ಹೇಳಿತು ಎಂದು ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ.

ಈ ಕಥೆಯನ್ನು ಮೊನ್ನೆ ಮಾಳವ್ವನಿಗೆ ಹೇಳಿದೆ. ಮಾಳವ್ವ ನಮ್ಮ ಓಣಿಯವಳು, ಹಳೆಯ ಸೀರೆಯ ತುಂಡು ಸೇರಿಸಿ ಕೌದಿ ಹೊಲಿಯುತ್ತಾಳೆ. ಅಂಗಡಿ ಎಂದರೆ ಮನೆಯ ಪಡಸಾಲೆ, ವ್ಯಾಪಾರವೆಲ್ಲ ಇಂಟರ್‌ನೆಟ್ಟಿನಲ್ಲಿ. ತನ್ನದೇ ಒಂದು ವೆಬ್‌ಸೈಟು ಮಾಡಿಸಿ ಕೌದಿಗಳ ಫೋಟೋ ಹಾಕಿದ್ದಾಳೆ. ನೋಡುವವರಿಗೆ ಕೊರತೆಯಿಲ್ಲವಂತೆ. ನಮ್ಮಜ್ಜಿ ನೆನಪಾದಳು ಎಂದು ಬರೆಯುತ್ತಾರೆ, ಬೆಲೆ ಕೇಳುತ್ತಾರೆ, ಬೆಲೆ ಹೇಳಿದ ಮೇಲೆ ಸುಮ್ಮನಾಗುತ್ತಾರೆ. ಒಬ್ಬಳು ಮಾತ್ರ ದಿನಾ ಏನಾದರೊಂದು ಕೇಳಿ ತಲೆ ತಿನ್ನುತ್ತಾಳೆ. ತೊಳೆದರೆ ಬಣ್ಣ ಬಿಡುತ್ತದೆಯೆ, ಒಳಗೆ ಎಷ್ಟು ಪದರ, ಮನಸ್ಸಿಗೆ ಬರದಿದ್ದರೆ ವಾಪಸ್ಸು ತಗೊಳ್ಳುತ್ತೀರಾ. ಅವಳಿಗೆ ಉತ್ತರ ಕೊಡುವುದನ್ನೇ ಮಾಳವ್ವ ಬಿಟ್ಟಿದ್ದಳು. ಈ ತಿಂಗಳೂ ಒಂದು ಕೌದಿ ಹೋಗದಿದ್ದರೆ ವೆಬ್‌ಸೈಟು ಮುಚ್ಚಿ ಗಾರ್ಮೆಂಟ್ಸಿಗೆ ಸೇರುತ್ತೇನೆ ಎಂದು ಹೇಳಿ, ಫೋನನ್ನು ಬೋರಲು ಹಾಕಿದಳು. ಹೊರಗೆ ಜಿಟಿಜಿಟಿ ಮಳೆ, ಕರೆಂಟೂ ಹೋಗಿತ್ತು. ನಾನು ಪಕ್ಕದಲ್ಲಿದ್ದ ಕೌದಿಯೊಂದನ್ನು ಹೊದ್ದು, ಗೋಡೆಗೆ ಒರಗಿ, ಶುರು ಮಾಡಿದೆ.

ಒಂದು ಊರು. ಹೆಸರು ಬೇಡ, ಹೇಳಿದರೆ ಅಲ್ಲಿಯವರು ಜಗಳಕ್ಕೆ ಬರುತ್ತಾರೆ. ಊರ ಹೊರಗೆ ಒಂದು ಹಾಳುಬಾವಿ, ಬಾವಿಯ ಮೇಲೆ ಬಾಗಿದ ಜಾಲಿಮರ. ಆ ಮರದಲ್ಲಿ ಒಂದು ಗೀಜಗ ಅಂಗಡಿ ಇಟ್ಟಿತ್ತು. ಗೂಡು ನೇಯುವುದು ಅದರ ಕಸುಬು, ಬೇಕಾದ ಹಕ್ಕಿಗಳು ಕಾಳು ಕೊಟ್ಟು ಕಟ್ಟಿಸಿಕೊಳ್ಳಬೇಕು. ಆ ಕಸುಬಿಗೊಂದು ಪದ್ಧತಿ ಇತ್ತು. ಪೂರ್ತಿ ಗೂಡನ್ನು ಯಾರೂ ಮೊದಲೇ ಕಟ್ಟಿ ಇಡುವುದಿಲ್ಲ. ಅರ್ಧ ನೇಯ್ದು, ಟೋಪಿಯ ಹಾಗೆ ತೂಗುಬಿಟ್ಟು, ಬಂದವರಿಗೆ ತೋರಿಸುವುದು. ಬಂದವರು ಒಳಗೆ ಕೂತು, ಜಗ್ಗಿ ನೋಡಿ, ಹೂಂ ಎಂದ ಮೇಲೆ ಉಳಿದರ್ಧ ಮುಗಿಸಿ, ಕೊಳವೆಯಂಥ ಬಾಗಿಲು ಇಳಿಬಿಡುವುದು. ಹೂಂ ಅನ್ನುವ ತನಕ ಬಾಗಿಲಿಲ್ಲ.

ಈ ಗೀಜಗದ ಕೈಯಲ್ಲಿ, ಅಂದರೆ ಕೊಕ್ಕಿನಲ್ಲಿ, ಕಸುವಿತ್ತು. ಅದು ಸೀಳಿದ ಕಬ್ಬಿನ ಗರಿಯನ್ನು ನಾನು ಸೂಜಿಗೆ ಪೋಣಿಸಿ ಅಂಗಿಯ ಗುಂಡಿ ಹಚ್ಚಿದ್ದೇನೆ. ಆ ಅಂಗಿ ಹರಿಯಿತು, ಗುಂಡಿ ಹರಿಯಲಿಲ್ಲ. ಆದರೆ ಆ ವರ್ಷ ಅದಕ್ಕೊಂದು ಕಷ್ಟ ಬಂದಿತ್ತು. ಕೂಡಿಟ್ಟ ಕಾಳು ತಳ ಕಂಡಿತ್ತು. ಮಳೆ ಹಿಡಿಯುವುದರೊಳಗೆ ಒಂದಾದರೂ ಗೂಡು ಮಾರಿ ಕಾಳು ಪಡೆಯದಿದ್ದರೆ, ಹೊಸ ತೆನೆ ಹಾಲು ತುಂಬುವ ತನಕ ಹೊಟ್ಟೆಗೆ ಏನೂ ಇಲ್ಲ.

ನೋಡಲು ಹಕ್ಕಿಗಳು ಬಂದವು. ಗೊರವಂಕ ಬಂತು, ಒಳಗೆ ಕೂತಿತು, ಕೊಂಬೆಯ ತುದಿಗಿದ್ದರೆ ಚೆನ್ನಾಗಿತ್ತು ಎಂದಿತು. ಬೆಳವ ಬಂತು, ಸ್ವಲ್ಪ ಅಗಲ ಬೇಕಿತ್ತು ಎಂದಿತು. ಎಲ್ಲವೂ ಹೋಗುವಾಗ ಒಂದೇ ಮಾತು ಹೇಳಿ ಹೋದವು.

"ಭಾಳ ಛಲೋ ಐತಿ. ನೋಡೂಣು."

ಗೀಜಗ ಆ ಮಾತನ್ನು ನಂಬಿತು. ಗೊರವಂಕನಿಗೆಂದು ತುದಿಯಲ್ಲಿ ಒಂದು ಅರ್ಧ ಗೂಡು ಎತ್ತಿತು, ಬೆಳವನಿಗೆಂದು ಅಗಲದ್ದೊಂದು. ಆಮೇಲೆ ಬಂದವರು ಬೇರೆ ಬೇರೆ ಆಸೆ ಹೇಳಿದರು, ಅದು ಎಲ್ಲರಿಗೂ ಒಂದೊಂದು ಎತ್ತಿತು. ಮರದ ತುಂಬ ಬಾಗಿಲಿಲ್ಲದ ಮನೆಗಳು ತೂಗಾಡತೊಡಗಿದವು. ಯಾರೂ ತಿರುಗಿ ಬರಲಿಲ್ಲ. ಗೀಜಗ ಸಂಜೆ ಹೊತ್ತು ಅವುಗಳ ನಡುವೆ ಕೂತು ಬರುವ ದಾರಿಯನ್ನೇ ನೋಡುತ್ತಿತ್ತು. ಅದರ ಹಳದಿ ನೆತ್ತಿ ಬಿಳಿಚಿಕೊಂಡಿದ್ದನ್ನು ನಾನೇ ಕಂಡಿದ್ದೇನೆ.

ಆಗ ಒಂದು ಗಿಳಿ ಬಂತು. ಪಂಜರದಲ್ಲಿ ಬೆಳೆದದ್ದು, ಮಾತು ಕಲಿತದ್ದು. "ನಿನ್ನ ಗೂಡಿನಾಗ ತಪ್ಪಿಲ್ಲ," ಎಂದಿತು, "ನೋಡೋರು ಕಡಿಮಿ ಆಗ್ಯಾರ." ಉಳಿದ ಕಾಳಿನಲ್ಲಿ ಪಾಲು ಕೊಟ್ಟರೆ ಸೀಮೆಗೆಲ್ಲ ಕೂಗಿ ಹೇಳುತ್ತೇನೆ ಎಂದು ಒಪ್ಪಿಸಿತು. ಮರದ ನೆತ್ತಿಗೆ ಕೂತು ಕೂಗಿದ್ದೇ ಕೂಗಿದ್ದು. ಹಳ್ಳದ ಆಚೆಯ ಹಕ್ಕಿಗಳೂ ಹಿಂಡುಹಿಂಡಾಗಿ ಬಂದವು. ಬಂದವರನ್ನು ಬರಿಗೊಕ್ಕಿನಲ್ಲಿ ಕಳಿಸಬಾರದೆಂದು ಗಿಳಿ ಹೇಳಿದ್ದಕ್ಕೆ ಗೀಜಗ ಕಾಳು ಚೆಲ್ಲಿತು. ಒಂದು ರಾತ್ರಿ ಮಲಗಿ ನೋಡಲಿ ಎಂದದ್ದಕ್ಕೆ ಮಲಗಲೂ ಬಿಟ್ಟಿತು. ಅವು ತಿಂದವು, ಮಲಗಿದವು, ಮರಿಗಳು ಅರ್ಧ ಗೂಡುಗಳಲ್ಲಿ ಜೋಕಾಲಿ ಆಡಿದವು. ಬೆಳಗಾದರೆ ಎಲ್ಲರೂ ಛಲೋ ಐತಿ ಎಂದು ಹಾರಿಹೋದರು. ಮರದಲ್ಲಿ ಅಂಥ ಗದ್ದಲವನ್ನು ನಾನು ಅದಕ್ಕೆ ಮೊದಲೂ ಕೇಳಿಲ್ಲ, ಆಮೇಲೂ ಕೇಳಿಲ್ಲ. ಅಂಥ ದಣಿವನ್ನೂ ಕಂಡಿಲ್ಲ.

ಎಲ್ಲರಿಗಿಂತ ಚೆನ್ನಾಗಿ ಹೊಗಳಿದ್ದು ಕೋಗಿಲೆ. ದಿನಾ ಬೆಳಗ್ಗೆ ಬಂದು ಗೂಡಿನ ಮೇಲೆ ರಾಗ ಕಟ್ಟಿ ಹಾಡುತ್ತಿತ್ತು. ಗೀಜಗಕ್ಕೆ ಕಣ್ಣು ತುಂಬಿ ಬರುತ್ತಿತ್ತು. ಕೊನೆಯ ಶಕ್ತಿಯನ್ನೆಲ್ಲ ಕೂಡಿಸಿ ಕೋಗಿಲೆಗೆಂದೇ ಎಲ್ಲಕ್ಕಿಂತ ದೊಡ್ಡ ಅರ್ಧ ಗೂಡು ನೇಯ್ದಿತು. ಕೋಗಿಲೆಯ ವಂಶದಲ್ಲಿ ಯಾರೂ ಒಂದು ದಿನವಾದರೂ ಸ್ವಂತ ಮನೆಯಲ್ಲಿ ಇದ್ದವರಲ್ಲ ಎಂಬುದು ಅದರ ತಲೆಗೆ ಹೊಳೆಯಲೇ ಇಲ್ಲ.

ಇಲ್ಲಿ ಮಾಳವ್ವ ತಡೆದಳು. "ನೀ ಅಲ್ಲೇ ಇದ್ದೆಲ್ಲಜ್ಜಾ. ಅದಕ್ಕ ಹೇಳಬಾರದಿತ್ತೇನು?"

"ಹೇಳಿದೆನವ್ವಾ," ಎಂದೆ. "ಅದರ ಭಾಷಾ ನನಗ ಬರತಿತ್ತು, ನನ್ನ ಭಾಷಾ ಅದಕ್ಕ ಬರತಿರಲಿಲ್ಲ."

ಅವಳು ಸೂಜಿಗೆ ದಾರ ಹಾಕಿದಳು. ನಾನು ಮುಂದುವರಿದೆ.

ಆ ಗದ್ದಲದ ನಡುವೆ ಒಂದು ಗುಬ್ಬಿ ದಿನಾ ಬರುತ್ತಿತ್ತು. ಹೊಗಳುತ್ತಿರಲಿಲ್ಲ. ಗಾಳಿ ಪಡುವಣದಿಂದ ಬೀಸಿದರೆ ಇದು ಯಾವ ಕಡೆ ತಿರುಗುತ್ತದೆ ಎಂದು ಕೇಳುತ್ತಿತ್ತು. ಹಾವು ಬಂದರೆ ಎಲ್ಲಿಂದ ಬರುತ್ತದೆ, ತೂಕಕ್ಕೆ ಒಳಗೆ ಹಸಿಮಣ್ಣು ಮೆತ್ತಿದ್ದೀಯೋ ಇಲ್ಲವೋ, ಎರಡು ಮರಿಯಾದರೆ ಸಾಕು, ನಾಲ್ಕಾದರೆ ಹೇಗೆ. ಒಂದು ದಿನ ಎಳೆ ಹಿಡಿದು ಜಗ್ಗಿತು, ಇನ್ನೊಂದು ದಿನ ಗಂಟು ಬಿಚ್ಚಿ ನೋಡಿತು. ನೋಡಲು ಬಂದವರೆಲ್ಲ ತಿರುಗಿ ನೋಡಿದರು. ಈಕೆ ವ್ಯಾಪಾರ ಕೆಡಿಸುತ್ತಾಳೆ ಎಂದು ಗಿಳಿ ಗೀಜಗದ ಕಿವಿಯಲ್ಲಿ ಹೇಳಿತು. ಅಷ್ಟು ದಿನದ ಬೇಸರವೆಲ್ಲ ಗೀಜಗಕ್ಕೆ ಒಮ್ಮೆಲೇ ಮೇಲೆ ಬಂತು. ಯಾರ ಮೇಲೂ ತೀರದ ಸಿಟ್ಟನ್ನು ಅದು ಗುಬ್ಬಿಯ ಮೇಲೆ ತೀರಿಸಿತು.

"ನೀ ತಗೊಳ್ಳಾಕ ಬಂದಾಕಿ ಅಲ್ಲ, ತಪ್ಪು ಹುಡುಕಾಕ ಬಂದಾಕಿ. ಹೋಗು."

"ತಗೊಳ್ಳಾಕಿ ಅಲ್ದಿದ್ರ," ಎಂದಿತು ಗುಬ್ಬಿ, "ನಾನೂ ಛಲೋ ಐತಿ ಅಂದು ಹೋಗಿರತಿದ್ದೆ."

ಹೋಗುವಾಗ ಮರದ ಬುಡದಿಂದ ಏನನ್ನೋ ಎತ್ತಿಕೊಂಡಿತು. ಸಜ್ಜೆಯ ತೆನೆ. ದಿನಾ ಹೊತ್ತು ತರುತ್ತಿತ್ತು, ದಿನಾ ಹೊತ್ತು ಒಯ್ಯುತ್ತಿತ್ತು. ಮರದ ಮೇಲಿದ್ದವರ ಕಣ್ಣಿಗೆ ಅದು ಬಿದ್ದಿರಲಿಲ್ಲ. ಆವತ್ತು ಗೀಜಗದ ಕಣ್ಣಿಗೆ ಬಿತ್ತು. ಕರೆಯಬೇಕು ಎಂದುಕೊಳ್ಳುವಷ್ಟರಲ್ಲಿ ಕೋಗಿಲೆ ಹಾಡು ಶುರು ಮಾಡಿತು, ಎಲ್ಲರೂ ಅತ್ತ ತಿರುಗಿದರು, ಗೀಜಗವೂ ತಿರುಗಿತು.

ಮಳೆ ಹೇಳಿ ಬರಲಿಲ್ಲ. ಮೊದಲು ಪಡುವಣದ ಗಾಳಿ ಬಂತು. ಅರ್ಧ ಗೂಡುಗಳಿಗೆ ಕೆಳಗೆ ಕಟ್ಟೂ ಇಲ್ಲ, ತೂಕಕ್ಕೆ ಮಣ್ಣೂ ಇಲ್ಲ. ಗಾಳಿ ಒಳಗೆ ಹೊಕ್ಕು ಒಂದೊಂದನ್ನೇ ಉಬ್ಬಿಸಿ ಕಿತ್ತಿತು. ಗೊರವಂಕ ತನ್ನ ಪೊಟರೆ ಸೇರಿತು, ಅದಕ್ಕೆ ಮೊದಲಿಂದಲೂ ಪೊಟರೆ ಇತ್ತು. ಬೆಳವ ತನ್ನ ನಾಲ್ಕು ಕಡ್ಡಿಯ ಮೇಲೆ ಕೂತಿತು, ಅದಕ್ಕೆ ಅಷ್ಟೇ ಸಾಕಾಗಿತ್ತು. ಕೋಗಿಲೆ ಯಾರದೋ ಮನೆಯಲ್ಲಿತ್ತು. ಗಿಳಿ ಎಂದೋ ಪೇರಲ ತೋಟದ ಕಡೆ ಹೋಗಿತ್ತು. ಅಲ್ಲಿ ಇನ್ನೊಂದು ಗೀಜಗ ಹೊಸದಾಗಿ ಅಂಗಡಿ ತೆರೆದಿತ್ತಂತೆ.

ಗೀಜಗ ಬರಿಯ ಮರದಲ್ಲಿ ತೋಯುತ್ತ ಕೂತಿತು. ಕಾಳಿಲ್ಲ, ಗೂಡಿಲ್ಲ. ಮನೆ ಮಾರುವವನು ತನಗೊಂದು ಮನೆ ಕಟ್ಟಿಕೊಂಡಿರಲಿಲ್ಲ. ಮಳೆ ಒಂದಿಷ್ಟು ಬಿಡುವು ಕೊಟ್ಟಾಗ ಬಾವಿಯೊಳಗಿಂದ ಚಿಲಿಪಿಲಿ ಕೇಳಿತು. ಬಗ್ಗಿ ನೋಡಿದರೆ, ಬಾವಿಗೋಡೆಯ ಕಲ್ಲು ಕಳಚಿದ ಸಂದಿಯಲ್ಲಿ ಗುಬ್ಬಿ ಕೂತಿದೆ. ಕೆಳಗೆ ಮೆತ್ತಗೆ ಕಬ್ಬಿನ ಗರಿ. ಗಾಳಿ ಕಿತ್ತೊಗೆದ ಗೂಡುಗಳದೇ ಗರಿ.

ಗೀಜಗ ಸಂದಿಯ ಅಂಚಿಗೆ ಇಳಿದು ಕೂತಿತು. ಕತ್ತು ಚಾಚಿ ಒಳಗೆ ನೋಡಿತು. ಆಮೇಲೆ ಕೇಳಿತು, "ಬಾವಿ ತುಂಬಿದ್ರ ಇಲ್ಲಿಗಂಟ ನೀರು ಬರತೈತೇನು?"

"ಬರೂದಿಲ್ಲ," ಎಂದಿತು ಗುಬ್ಬಿ. "ಕಲ್ಲಿನ ಮ್ಯಾಲೆ ಹಳೇ ನೀರಿನ ಗೆರಿ ಐತಿ ನೋಡು, ಕೆಳಗ."

"ಹಾವು?"

"ಮ್ಯಾಲಿಂದ ಬರಬಹುದು."

"ಗಾಳಿ ಮೂಡಲಕ್ಕ ತಿರುಗಿದ್ರ?"

ಗುಬ್ಬಿ ಒಂದಿಷ್ಟು ಸರಿದು ಜಾಗ ಮಾಡಿತು. "ಒಳಗ ಬಾ," ಎಂದಿತು. "ನೀ ತಗೊಳ್ಳಾವ ಅದೀ."

ಕೊಡಲು ಕಾಳಿಲ್ಲ ಎಂದು ಗೀಜಗ ತಲೆ ತಗ್ಗಿಸಿತು. ಸಂದಿಗೆ ಬಾಗಿಲಿಲ್ಲ, ಅದನ್ನು ನೇಯ್ದರೆ ಸಜ್ಜೆಯಲ್ಲಿ ಪಾಲು ಎಂದಿತು ಗುಬ್ಬಿ. ಗೀಜಗ ತೊಯ್ದ ಗರಿ ಎತ್ತಿಕೊಂಡು ಹಾವು ಹೊಗದ ಹಾಗೆ ಕೊಳವೆ ಇಳಿಬಿಟ್ಟಿತು. ಆ ವರ್ಷ ಅದು ನೇಯ್ದ ಬಾಗಿಲು ಅದೊಂದೇ.

ಕಥೆ ಮುಗಿಯಿತು. ಮಾಳವ್ವ ಸೂಜಿ ಕೌದಿಗೆ ಸಿಕ್ಕಿಸಿಟ್ಟಳು. ಕರೆಂಟು ಬಂತು. ಅವಳು ಬೋರಲು ಬಿದ್ದಿದ್ದ ಫೋನು ತಿರುಗಿಸಿ ಬಹಳ ಹೊತ್ತು ಏನೋ ಬರೆದಳು. ಓದಲು ಬಾರದವನು ಕೇಳಬೇಕಲ್ಲ, ಯಾರಿಗೆ ಎಂದು ಕೇಳಿದೆ. ಬಣ್ಣ ಬಿಡುತ್ತದೆಯೆ ಎಂದು ಕೇಳಿದವಳಿಗೆ ಎಂದಳು. ಕೆಂಪು ತುಂಡು ಮೊದಲ ಸಲ ಒಂದಿಷ್ಟು ಬಿಡುತ್ತದೆ, ಆಮೇಲೆ ಬಿಡುವುದಿಲ್ಲ, ಇದ್ದದ್ದನ್ನೇ ಬರೆದಿದ್ದೇನೆ ಎಂದಳು. ಫೋನು ಅವಳ ಕೈಯಲ್ಲೇ ಟಣ್ ಎಂದಿತು. ಓದಿದಳು. ಹಾಸಿಗೆಯ ಅಳತೆ ಕಳಿಸಿದ್ದಾಳೆ ಎಂದಳು.

ನಾನು ಮೀಸೆ ತೀಡಿಕೊಂಡೆ. ಹಕ್ಕಿಯ ಮಾತು ಬಲ್ಲವನು ಓಣಿಯಲ್ಲಿದ್ದರೆ ಎಷ್ಟು ಅನುಕೂಲ ಎಂದು ಹೇಳುವವನಿದ್ದೆ. ಅಷ್ಟರಲ್ಲಿ ಅವಳು ನನ್ನ ಕಡೆ ತಿರುಗಿದಳು. ನನ್ನ ಮುಖ ನೋಡಲಿಲ್ಲ, ಹೆಗಲು ನೋಡಿದಳು.

"ಅಜ್ಜಾ, ಈ ಕೌದಿ ದೀವಳಿಗಿಂದ ಹೊದ್ದು ಹೊದ್ದು ಕುಂದ್ರತಿ. ಭಾಳ ಛಲೋ ಐತಿ ಅಂತೀ, ಎದ್ದು ಹೋಗತಿ. ಒಂದ ದಿನಾರ ತೊಳದ್ರ ಬಣ್ಣ ಬಿಡತೈತೇನು ಅಂತ ಕೇಳೀಯೇನು?"

ನಾನು ಹೆಗಲು ಹಾರಿಸಿದೆ. ಕೌದಿ ಜಾರಿ ಕೆಳಗೆ ಬಿತ್ತು.